ಉದ್ಯೋಗ ಸಲಹೆ: ಬೈಯದೆ ಲೈನ್ ನಡೆಸಬಹುದೆ?

ಪ್ರಶ್ನೆ: ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಟೈಲರ್ ಆಗಿದ್ದ ನನ್ನನ್ನು ಈಚೆಗೆ ಶರ್ಟ್ ಲೈನಿನ ಸೂಪರ್‌ವೈಸರ್ ಮಾಡಿದ್ದಾರೆ. ಗಂಟೆಗೆ 70 ಪೀಸಿನ ಟಾರ್ಗೆಟ್ ಇದೆ, ಆದರೆ ಲೈನ್ 55 ದಾಟುತ್ತಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಬೋರ್ಡಿನ ಮುಂದೆ ನಿಲ್ಲಿಸಿ ಎಲ್ಲರೆದುರು ಗದರುತ್ತಾರೆ. 'ನೀನು ಬಾಯಿ ಮಾಡದಿದ್ದರೆ ಇವರು ತಲೆಯ ಮೇಲೆ ಕೂರುತ್ತಾರೆ' ಎನ್ನುತ್ತಾರೆ. ಬಾಯಿ ಮಾಡಿದ ದಿನ, ಜೊತೆಯಲ್ಲಿ ಬುತ್ತಿ ಬಿಚ್ಚುತ್ತಿದ್ದ ಗೆಳತಿಯರು ಬೇರೆ ಮೂಲೆಗೆ ಹೋಗಿ ಕೂರುತ್ತಾರೆ. ಬೈಯದೆ ಕೆಲಸ ತೆಗೆಯಲು ಸಾಧ್ಯವೆ? ಎಸ್ಸೆಸ್ಸೆಲ್ಸಿ ಮಾತ್ರ ಓದಿರುವ ನಾನು ಇಲ್ಲಿಂದ ಮುಂದೆ ಬೆಳೆಯಬಹುದೆ?
— ಹೆಸರು ಬೇಡ, ಕೆಂಗೇರಿ

ಉತ್ತರ: ಸಾಧ್ಯವಿದೆ, ಆದರೆ ಅದಕ್ಕೆ ಸಿಹಿಮಾತಿಗಿಂತ ಮೊದಲು ಕೈಯಲ್ಲೊಂದು ಗಡಿಯಾರ ಬೇಕು. ನಾಳೆ ಬೆಳಿಗ್ಗೆ ಲೈನಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ಬಂಡಲ್‌ಗಳು ಯಾರ ಮುಂದೆ ಗುಡ್ಡೆ ಬೀಳುತ್ತಿವೆ, ಯಾರು ಕೆಲಸವಿಲ್ಲದೆ ಕಾಯುತ್ತಿದ್ದಾರೆ ಎಂಬುದನ್ನಷ್ಟೇ ನೋಡಿ. ಗುಡ್ಡೆ ಕಾಲರ್ ಕೂರಿಸುವ ಯಂತ್ರದ ಮುಂದಿದೆ ಎಂದುಕೊಳ್ಳೋಣ. ಆ ಟೈಲರ್ ಪಕ್ಕದಲ್ಲಿ ನಿಂತು ಹತ್ತು ಪೀಸಿಗೆ ಹಿಡಿಯುವ ಸಮಯ ಬರೆದುಕೊಳ್ಳಿ. ಏಕೆ ಬರೆಯುತ್ತಿದ್ದೀರೆಂದು ಮೊದಲೇ ತಿಳಿಸಿ, ಇಲ್ಲವಾದರೆ ಟಾರ್ಗೆಟ್ ಏರಿಸಲು ಬಂದಿದ್ದೀರೆಂದು ಆಕೆ ಭಾವಿಸುತ್ತಾರೆ, ಮತ್ತು ಹಾಗೆ ಭಾವಿಸುವುದರಲ್ಲಿ ತಪ್ಪೇನೂ ಇಲ್ಲ. ಒಂದು ಕಾಲರಿಗೆ 65 ಸೆಕೆಂಡು ಬೇಕಾಗುತ್ತಿದ್ದರೆ, ಆ ಯಂತ್ರದಿಂದ ಗಂಟೆಗೆ ಹೆಚ್ಚೆಂದರೆ 55 ಪೀಸು ಬರುತ್ತವೆ. ನೀವು ಗಂಟಲು ಹರಿದುಕೊಂಡರೂ 56ನೆಯದು ಬರುವುದಿಲ್ಲ. ಎಪ್ಪತ್ತಕ್ಕೆ ಮುಟ್ಟಲು ಪ್ರತಿ ಪೀಸು 51 ಸೆಕೆಂಡಿನಲ್ಲಿ ಮುಗಿಯಬೇಕು, ಅಂದರೆ ಗುರುತು ಹಾಕುವುದು, ದಾರ ಕತ್ತರಿಸುವುದು ಮುಂತಾದ ಬಿಡಿ ಕೆಲಸಗಳನ್ನು ಹೆಲ್ಪರ್‌ಗೆ ವಹಿಸಬೇಕು ಇಲ್ಲವೆ ಇನ್ನೊಂದು ಯಂತ್ರ ಹಾಕಿಸಬೇಕು. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು, ಗಂಟೆ ತುಂಬಿ ಬೋರ್ಡಿನ ಮುಂದೆ ಕರೆಸಿಕೊಳ್ಳುವ ಮೊದಲೇ ನೀವಾಗಿ ಮ್ಯಾನೇಜರ್ ಬಳಿಗೆ ಒಯ್ಯಿರಿ. ಕೆಳಗಿನವರ ಕಷ್ಟವನ್ನು ಮೇಲಿನವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದು ನಿಮ್ಮ ಹುದ್ದೆಯ ಅರ್ಧ ಕೆಲಸ, ಮತ್ತು ಆ ಅರ್ಧವನ್ನು ನಿಮಗೆ ಯಾರೂ ಕಲಿಸಿಕೊಟ್ಟಿರಲಾರರು.

ಉತ್ಪಾದನೆ ಇಳಿದಾಗ ಅದನ್ನು ಸೋಮಾರಿತನವೆಂದು ಹೇಳಿಬಿಡುವುದು ಸುಲಭ. ಬೆಂಗಳೂರು ಭಾಗದ ಗಾರ್ಮೆಂಟ್ಸ್ ಘಟಕಗಳಲ್ಲಿ ಹಳೆಯ ಟ್ಯೂಬ್‌ಲೈಟುಗಳ ಜಾಗಕ್ಕೆ ಕಡಿಮೆ ಶಾಖ ಹೊರಸೂಸುವ ಎಲ್‌ಇಡಿ ದೀಪಗಳು ಬಂದ ಮೇಲೆ, ಸೆಕೆಯ ದಿನಗಳಲ್ಲಿ ಉತ್ಪಾದನೆ ಕುಸಿಯುವ ಪ್ರಮಾಣ ಗಣನೀಯವಾಗಿ ತಗ್ಗಿದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ. ದೀಪ ಬದಲಾಗುವ ಮೊದಲು ಆ ಸೆಕೆಯ ದಿನಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಬೈಸಿಕೊಂಡಿರಬಹುದೋ!

ಇನ್ನು ಗೆಳತಿಯರ ವಿಷಯ. ಅವರ ಕೂಲಿ, ರಜೆ, ಓಟಿ ಯಾವುದೂ ನಿಮ್ಮ ಕೈಯಲ್ಲಿಲ್ಲ, ಹಾಗಿರುವಾಗ ಅವರ ಕಷ್ಟ ಕೇಳಿ ಏನು ಪ್ರಯೋಜನ ಎಂದು ನಿಮಗೆ ಅನ್ನಿಸಬಹುದು. 2016ರಲ್ಲಿ ಕರ್ನಾಟಕದ ಕೆಲವು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಕೂಲಿ ಏರಿಕೆಯಾಗಿ ಬೇಸರ ತುಂಬಿದ್ದ ಹೊತ್ತಿನಲ್ಲಿ, ಸಂಶೋಧಕರು ಒಂದಷ್ಟು ಕಾರ್ಮಿಕರಿಗೆ ಹೆಸರು ಬರೆಯದೆ ಅಭಿಪ್ರಾಯ ತಿಳಿಸುವ ಅವಕಾಶ ಕೊಟ್ಟರು. ಅವಕಾಶ ಸಿಕ್ಕವರಲ್ಲಿ ಕೆಲಸ ಬಿಡುವ ಸಾಧ್ಯತೆ ಉಳಿದವರಿಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆಯಾಗಿತ್ತು, ಅದೂ ಕೂಲಿಯಲ್ಲಿ ವ್ಯತ್ಯಾಸವಿಲ್ಲದೆ. ಕೂಲಿ ಕೊಡುವ ಬದಲು ಕಿವಿ ಕೊಟ್ಟರೆ ಸಾಕೆಂದು ಮಾಲೀಕರು ಇದನ್ನು ಓದಿಕೊಳ್ಳುವ ಅಪಾಯವಿದೆ ಎಂಬುದನ್ನೂ ನಾನು ಬಲ್ಲೆ. ಆದರೆ ನಿಮ್ಮಂತೆ ಕೂಲಿಯ ಮೇಲೆ ಹಿಡಿತವಿಲ್ಲದವರಿಗೆ ಅದು ಉಪಯುಕ್ತವಾದ ತಿಳಿವಳಿಕೆ. ಬುತ್ತಿಯ ಹೊತ್ತಿನಲ್ಲಿ ಎಂದಿನಂತೆ ಅವರೊಡನೆ ಹೋಗಿ ಕುಳಿತುಕೊಳ್ಳಿ, ಆದರೆ ಕೆಲಸ ಹಂಚುವಾಗ ಗೆಳತಿಗೆ ಹಗುರವಾದದ್ದನ್ನು ಕೊಡಬೇಡಿ. ಉಳಿದವರೆಲ್ಲರ ಕಣ್ಣು ಅದರ ಮೇಲೆಯೇ ಇರುತ್ತದೆ. ಆಲ್ಟರೇಷನ್ ಪೀಸು, ಅಂದರೆ ಹೊಲಿಗೆ ತಪ್ಪಿ ಸರಿಪಡಿಸಲು ವಾಪಸಾದದ್ದು, ಬಂದರೆ ಹೊಲಿದವರ ಬಳಿಗೇ ಒಯ್ದು ದನಿ ಎತ್ತದೆ ತೋರಿಸಿ, ಎತ್ತಿ ಹಿಡಿದು ಲೈನಿಗೆಲ್ಲ ಪ್ರದರ್ಶಿಸಬೇಡಿ.

ನಿಮ್ಮ ಬೆಳವಣಿಗೆಯ ಬಗ್ಗೆ: ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಮಹಿಳಾ ಕಾರ್ಮಿಕರಿಗೆ ಸಂವಹನ, ಸಮಯಪಾಲನೆ, ಸಮಸ್ಯೆ ಬಿಡಿಸುವ ಕ್ರಮ ಮುಂತಾದವುಗಳ ತರಬೇತಿ ನೀಡಿ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದವರ ಉತ್ಪಾದಕತೆ ಸ್ಪಷ್ಟವಾಗಿ ಹೆಚ್ಚಿತು, ಆದರೆ ಅವರ ಕೂಲಿ ಹೆಚ್ಚಿದ್ದು ತೀರಾ ಅಲ್ಪ. ಆದ್ದರಿಂದ ಕಂಪನಿ ಕೊಡುವ ತರಬೇತಿಯನ್ನೆಲ್ಲ ಕೇಳಿ ಪಡೆಯಿರಿ, ಜೊತೆಗೆ ಬೇರೆಡೆಗೂ ಒಯ್ಯಬಹುದಾದ ವಿದ್ಯೆಯನ್ನು ಗಳಿಸಿಕೊಳ್ಳಿ. ಮೇಲೆ ಹೇಳಿದ ಸಮಯದ ಲೆಕ್ಕ ಮೂಲತಃ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರ ವಿದ್ಯೆ; ಅವರ ಬಳಿ ಅದನ್ನೂ, ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸುವುದನ್ನೂ ಕಲಿಯಿರಿ. ದ್ವಿತೀಯ ಪಿಯುಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆದು, ಬಳಿಕ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಪದವಿ ಪಡೆಯುವ ದಾರಿಯೂ ಇದೆ, ತಡವಾಯಿತೆಂದು ಹಿಂಜರಿಯಬೇಡಿ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಕಾರ್ಮಿಕರು ಮನಸ್ಸು ಬಿಚ್ಚಿ ಮಾತನಾಡಲೆಂದು ಸಲಹಾ ಪೆಟ್ಟಿಗೆ ಇಟ್ಟಿದ್ದೇನೆ, ತಿಂಗಳುಗಳಿಂದ ಖಾಲಿಯಾಗಿಯೇ ಇದೆ. ಅವರಿಗೆ ಆಸಕ್ತಿಯಿಲ್ಲವೆ?
— ವರ್ಕ್‌ಶಾಪ್ ಮಾಲೀಕರು, ಬೆಂಗಳೂರು

ಉತ್ತರ: ಆಸಕ್ತಿಗಿಂತ ಅನುಭವ ಇಲ್ಲಿ ದೊಡ್ಡದು, ಹಿಂದೆ ಬಾಯಿಬಿಟ್ಟವರಿಗೆ ಏನಾಯಿತೆಂಬುದು ಎಲ್ಲರಿಗೂ ನೆನಪಿರುತ್ತದೆ. ಟೊಯೋಟಾ ಪದ್ಧತಿಯ ಕಾರ್ಖಾನೆಗಳಲ್ಲಿ ದೋಷ ಕಂಡ ಕಾರ್ಮಿಕ ಹಗ್ಗ ಎಳೆದರೆ ಅಥವಾ ಗುಂಡಿ ಒತ್ತಿದರೆ ತಂಡದ ಮುಖ್ಯಸ್ಥ ಕೂಡಲೇ ಅಲ್ಲಿಗೆ ಬರುತ್ತಾನೆ. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ಬಂದವನು 'ಯಾರ ತಪ್ಪು' ಎಂದು ಶುರುಮಾಡಿದರೆ ಆ ಹಗ್ಗವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ನಿಮ್ಮ ಪೆಟ್ಟಿಗೆಯನ್ನು ತೆಗೆದಿಡಿ. ಲೇತ್ ಮುಂದಿರುವವನ ಬಳಿಗೆ ನೀವೇ ಹೋಗಿ, ಅವನ ಕೆಲಸಕ್ಕೆ ದಿನವೂ ಅಡ್ಡಿಯಾಗುವುದು ಯಾವುದೆಂದು ಕೇಳಿ. ಮೊಂಡಾದ ಟೂಲ್, ಬೆಳಕು ಸಾಲದ ಮೂಲೆ, ಏನು ಹೇಳಿದರೂ ಅದನ್ನು ಆ ವಾರದೊಳಗೆ ಸರಿಪಡಿಸಿ. ಆಗದಿದ್ದರೆ ಏಕೆ ಆಗದೆಂದು ಅವನಿಗೇ ಹೋಗಿ ತಿಳಿಸಿ. ಎರಡನೆಯವನನ್ನು ಕೇಳುವುದು ಅದಾದ ಮೇಲೆ.