ಅಜ್ಜಿಯ ಒಂದೆಲಗ ಮೂರನೇ ಪುಟಕ್ಕೆ ಯಾಕೆ ಹೋಯಿತು?

ಮೂಡಿಗೆರೆಯ ಗೆಳೆಯರೇ,

ಮಲೆನಾಡಿನ ಮೂಲಿಕೆಗಳ ಲ್ಯಾಟಿನ್ ಹೆಸರಿನ ಬಗ್ಗೆ ನೀವು ಕಳಿಸಿದ ಬರಹ ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲೆರಡು ಪುಟ ಬರೀ 'ಪ್ರಕೃತಿ ಮಾತೆಯ ಮಡಿಲು', ಆಮೇಲೆ ಗಿಡಗಳಿಗೆ ಎರಡು ಪದದ ಲ್ಯಾಟಿನ್ ಹೆಸರಿಡುವುದನ್ನು ರೂಢಿಗೆ ತಂದ ಸ್ವೀಡನ್ನಿನ ಲಿನೇಯಸ್ ಹುಟ್ಟಿದ್ದು, ಓದಿದ್ದು, ತೀರಿಕೊಂಡಿದ್ದು. ಅದೆಲ್ಲ ಎಲ್ಲಿ ಬೇಕಾದರೂ ಸಿಗುತ್ತದೆ. ಮೂರನೇ ಪುಟದಲ್ಲಿ ನಿಮ್ಮ ಅಜ್ಜಿ ಮಳೆ ಬಿಟ್ಟ ಬೆಳಿಗ್ಗೆ ಗದ್ದೆ ಬದುವಿನಲ್ಲಿ ಒಂದೆಲಗ ಕಿತ್ತು, ಚಟ್ನಿಗೆ ಅಂತ ಸೆರಗಿಗೆ ಹಾಕಿಕೊಂಡು ಬರುತ್ತಾರೆ. ನಾಲ್ಕೇ ಸಾಲು. ನಾನು ಪೆನ್ನು ಕೆಳಗಿಟ್ಟು ಓದಿದ್ದು ಅದೊಂದನ್ನೇ. ಬರಹ ಅಲ್ಲಿಂದ ಶುರುವಾಗಲಿ.

ಎಡವಟ್ಟೂ ಅಲ್ಲೇ ಆಗಿದೆ. ಒಂದೆಲಗದ ಫೋಟೋ ಕೆಳಗೆ 'ಬ್ರಾಹ್ಮಿ, ಬಕೋಪಾ ಮೊನ್ನಿಯೇರಿ' ಅಂತ ಬರೆದಿದ್ದೀರಿ. ಆ ಲ್ಯಾಟಿನ್ ಹೆಸರು ನೀರುಬ್ರಾಹ್ಮಿಯದು, ಅದು ಬೇರೆಯೇ ಗಿಡ. ಎರಡಕ್ಕೂ ಜನ ಬ್ರಾಹ್ಮಿ ಅನ್ನುವುದರಿಂದ ಈ ಗೊಂದಲ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ದಂಟಿನ ಮೇಲೆ ಎದುರುಬದುರು ಜೋಡಿಯಾಗಿ ಕೂತಿರುತ್ತದೆ. ಒಂದೆಲಗಕ್ಕೆ ಉದ್ದ ತೊಟ್ಟು, ತುದಿಗೆ ಒಂದೇ ದುಂಡನೆ ಎಲೆ, ಅಂಚಿಗೆ ಸಣ್ಣ ಹಲ್ಲು. ಹೆಸರೇ ಹೇಳುತ್ತಿದೆ ಅಲ್ವಾ? ಲ್ಯಾಟಿನ್ನಿನಲ್ಲಿ ಅದು ಸೆಂಟೆಲ್ಲಾ ಏಷ್ಯಾಟಿಕಾ. 1753ರಲ್ಲಿ ಲಿನೇಯಸ್ ಅದನ್ನು ಹೈಡ್ರೋಕೋಟೈಲ್ ಅಂತ ಕರೆದಿದ್ದ. 1879ರಲ್ಲಿ ಅರ್ಬನ್ ಎಂಬ ಸಸ್ಯವಿಜ್ಞಾನಿ ಸೆಂಟೆಲ್ಲಾ ಕುಲಕ್ಕೆ ಸೇರಿಸಿದ. ಹಾಗಾಗಿ 'ಲ್ಯಾಟಿನ್ ಹೆಸರು ಎಂದೂ ಬದಲಾಗದು' ಎಂಬ ಸಾಲನ್ನೂ ತೆಗೆಯಿರಿ.

'ಲಿನೇಯಸ್ ಬರುವವರೆಗೆ ನಮ್ಮ ಗಿಡಗಳಿಗೆ ಸರಿಯಾದ ಹೆಸರೇ ಇರಲಿಲ್ಲ' ಅಂದಿದ್ದೀರಿ. ಇಲ್ಲಿ ನನಗೆ ಸಿಟ್ಟೇ ಬಂತು. ಅವನು ಹುಟ್ಟುವ ಮೊದಲೇ, 1678ರಿಂದ 1693ರೊಳಗೆ, ಮಲಬಾರಿನ ಗಿಡಗಳ ಬಗೆಗಿನ 'ಹಾರ್ಟಸ್ ಮಲಬಾರಿಕಸ್' ಎಂಬ ಪುಸ್ತಕ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿತ್ತು. ಮಾಡಿಸಿದವನು ಮಲಬಾರಿನಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್. ಗಿಡದ ಹೆಸರು, ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ಮೂವರು ಕೊಂಕಣಿ ಪಂಡಿತರು. ಲಿನೇಯಸ್ ಆ ಪುಸ್ತಕ ಬಳಸಿಕೊಂಡ. ಆಡುಸೋಗೆಗೆ ಅವನಿಟ್ಟ ಹೆಸರು ಜಸ್ಟಿಸಿಯಾ ಅಧತೋಡ. ಮೊದಲರ್ಧ ಸ್ಕಾಟ್ಲೆಂಡಿನ ತೋಟಗಾರ ಜೇಮ್ಸ್ ಜಸ್ಟಿಸ್ ನೆನಪಿಗೆ. ಉಳಿದರ್ಧ ತಮಿಳಿನ ಆಡಾತೊಡೈ, ಅಂದರೆ ಆಡು ಮುಟ್ಟದ್ದು. (ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಮಾಡಿದವರು ಈ ಗಿಡ ನೋಡಿರಲಿಲ್ಲವೇನೋ!) ಇಂಥದ್ದು ಬರೆಯಿರಿ.

'ಸಕ್ಕರೆ ಕಾಯಿಲೆ ಬುಡಸಮೇತ ವಾಸಿ' ಅನ್ನುವುದನ್ನು ಹಾಕುವುದಿಲ್ಲ. ಅದರಲ್ಲಿ ಚರ್ಚೆ ಬೇಡ.

ಹೆಸರು ಪಕ್ಕಾ ಮಾಡಿಕೊಳ್ಳಲು ಸಲ್ಡಾನ ಮತ್ತು ನಿಕೋಲ್ಸನ್ 1976ರಲ್ಲಿ ತಂದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' ನೋಡಿ. ಇಂಗ್ಲಿಷ್ ಪುಸ್ತಕ, ಓದಲು ಒಣಕಲು, ಆದರೆ ನಿಮ್ಮ ಪಕ್ಕದ ಜಿಲ್ಲೆಯ ಗಿಡಗಳದೇ. ನಮ್ಮ ಆಫೀಸಿನಲ್ಲಿ ಒಂದು ಪ್ರತಿ ಇದೆ. ಹಾಸನಕ್ಕೆ ಬಂದಾಗ ಇಲ್ಲೇ ಕೂತು ಓದಿ, ಮನೆಗೆ ಮಾತ್ರ ಕೊಡುವುದಿಲ್ಲ.

ತಿದ್ದಿ ಕಳಿಸುವಾಗ 600 ಪದ ಸಾಕು. ಹಾಗೇ, ನೀರುಬ್ರಾಹ್ಮಿಗೆ ಅಜ್ಜಿ ಏನನ್ನುತ್ತಾರೆ ಅಂತ ಕೇಳಿ ಬರೆಯಿರಿ. ಅದು ನನಗೂ ಬೇಕು.

ನಿಮ್ಮ,
ಸಂಪಾದಕ, ಹಾಸನ