ಪಾಠ ಹಳೆಯದು, ಲ್ಯಾಪ್‌ಟಾಪ್ ಅಲ್ಲ

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು, ಬಿಸಿಎ ಮೊದಲ ವರ್ಷ. ರಜೆಯಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಣ ಅಂತ ಒಂದು ವಿಡಿಯೊ ಸರಣಿ ಹಿಡಿದೆ. ಅದರಲ್ಲಿದ್ದ ಹಾಗೇ ಟೈಪ್ ಮಾಡಿದರೂ ಪ್ರಿಂಟ್ ಸಾಲಿನಲ್ಲೇ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅಂತ. ಅದನ್ನು ಹೇಗೋ ಸರಿ ಮಾಡಿದರೆ, ಮುಂದೆ ರಾ_ಇನ್‌ಪುಟ್ ಅಂದರೆ ಏನೂಂತ ಗೊತ್ತಿಲ್ಲ ಅನ್ನುತ್ತದೆ. ಲ್ಯಾಪ್‌ಟಾಪ್ ಅಣ್ಣನ ಹಳೆಯದು. ಅದಕ್ಕೇ ಹೀಗಾ?

ಉತ್ತರ: ಪಾಪ, ಲ್ಯಾಪ್‌ಟಾಪನ್ನು ಬಿಟ್ಟುಬಿಡಿ. ನೀವು ನೋಡುತ್ತಿರುವುದು ಪೈಥಾನ್ 2ರ ಪಾಠ, ನಿಮ್ಮಲ್ಲಿರುವುದು ಪೈಥಾನ್ 3. ಮೂರು ಬಂದದ್ದು 2008ರಲ್ಲಿ, ಎರಡಕ್ಕೆ 2020ರ ಜನವರಿ 1ರಿಂದ ಬೆಂಬಲವೇ ಇಲ್ಲ. ಆದರೂ ಆ ವಿಡಿಯೊಗಳು ಹಾಗೇ ಉಳಿದಿವೆ, ಯಾಕಂದ್ರೆ ಮಾಡಿದವರು ಯಾವತ್ತೋ ಬೇರೆ ಕೆಲಸ ಹಿಡಿದು ಹೋಗಿರುತ್ತಾರೆ, ವರ್ಷಗಟ್ಟಲೆ ಸೇರಿದ ವ್ಯೂಸ್ ನೋಡಿ ನಾವೂ ಇದೇ ಒಳ್ಳೆಯದಿರಬೇಕು ಅಂದುಕೊಳ್ಳುತ್ತೇವೆ.

ಈಗ ಪ್ರಿಂಟ್‌ಗೆ ಬ್ರಾಕೆಟ್ ಬೇಕೇ ಬೇಕು. ರಾ_ಇನ್‌ಪುಟ್ ಮಾಡುತ್ತಿದ್ದ ಕೆಲಸವನ್ನು, ಅಂದರೆ ಟೈಪ್ ಮಾಡಿದ್ದನ್ನು ಓದಿಕೊಳ್ಳುವುದನ್ನು, ಈಗ ಬರೀ ಇನ್‌ಪುಟ್ ಮಾಡುತ್ತದೆ. ನಿಜ ಹೇಳಬೇಕಂದ್ರೆ ಎರರ್ ಬಂದದ್ದೇ ಪುಣ್ಯ. 5/2 ಅಂತ ಕೊಟ್ಟು ನೋಡಿ. ಪೈಥಾನ್ 2 ಸುಮ್ನೆ 2 ಅನ್ನುತ್ತಿತ್ತು, 3 ಅದಕ್ಕೆ 2.5 ಅನ್ನುತ್ತದೆ. ಎರಡರಲ್ಲೂ ಎರರ್ ಇಲ್ಲ! ಹಳೇ ಪಾಠ ನಂಬಿ ಲೆಕ್ಕ ಬರೆದವರಿಗೆ ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಅಪ್‌ಲೋಡ್ ಆದ ತಾರೀಖನ್ನೂ ಪೂರ್ತಿ ನಂಬಬೇಡಿ, ಹಳೇ ಪಾಠಕ್ಕೆ ಹೊಸ ವರ್ಷದ ಹೆಸರಿಟ್ಟು ಮತ್ತೆ ಹಾಕುವವರಿದ್ದಾರೆ. ಶುರುವಿನಲ್ಲೇ ಪರದೆಯ ಮೇಲೆ ಯಾವ ವರ್ಷನ್ ಕಾಣುತ್ತದೆ ನೋಡಿ. ವಿಡಿಯೊಗೆ ಹೊಂದಲಿ ಅಂತ ಪೈಥಾನ್ 2 ಹಾಕಿಕೊಳ್ಳಲು ಯಾರಾದರೂ ಹೇಳಿದರೆ ಕೇಳಬೇಡಿ. ಲೂಪ್, ಲಿಸ್ಟ್, ರಿಕರ್ಷನ್ (ಫಂಕ್ಷನ್ ತನ್ನನ್ನೇ ತಾನು ಕರೆಯುವುದು) ಇವುಗಳ ಲಾಜಿಕ್ ಅಂದೂ ಅದೇ, ಇಂದೂ ಅದೇ, ಹಾಗಾಗಿ ಕಲಿತದ್ದೇನೂ ದಂಡವಾಗಿಲ್ಲ. ಪೈಥಾನ್‌ನವರದೇ ಟ್ಯುಟೋರಿಯಲ್ ಇದೆ, ಪುಟದ ಮೇಲ್ಗಡೆಯೇ ವರ್ಷನ್ ಆರಿಸಬಹುದು. ಓದುವುದಕ್ಕೆ ಸ್ವಲ್ಪ ಬೋರು, ಆದರೆ ಮೋಸ ಇಲ್ಲ. ಇಡೀ ದಾಖಲೆಯನ್ನು ಡೌನ್‌ಲೋಡ್ ಕೂಡ ಮಾಡಿಕೊಳ್ಳಬಹುದು. ಜುಲೈ ಮಳೆಯಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದು ಗೊತ್ತೇ ಇದೆಯಲ್ವಾ, ಈಗಲೇ ಇಳಿಸಿಟ್ಟುಕೊಳ್ಳಿ.

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಮಗ ವೆಬ್‌ಸೈಟ್ ಮಾಡುವ ಪಿಎಚ್‌ಪಿ ಭಾಷೆಯಲ್ಲಿ ಬುಕಿಂಗ್ ಪುಟ ಮಾಡುತ್ತಿದ್ದಾನೆ. ಡೇಟಾಬೇಸ್‌ಗೆ ಸಂಪರ್ಕ ಕೊಡುವ ಮೈಎಸ್‌ಕ್ಯೂಎಲ್_ಕನೆಕ್ಟ್ ಎಂಬ ಫಂಕ್ಷನ್ ಇಲ್ಲವೇ ಇಲ್ಲ ಅಂತ ಬರುತ್ತಿದೆ. ಹಳೇ ಪಿಎಚ್‌ಪಿ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಓಡುತ್ತದೆ, ಆದರೆ ಹಾಕಬೇಡಿ. 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲೇ ಆ ಫಂಕ್ಷನನ್ನು ತೆಗೆದುಹಾಕಿದ್ದಾರೆ. ಆ ಕಾಲದ ಎಷ್ಟೋ ಪಾಠಗಳಲ್ಲಿ, ಅತಿಥಿ ಫಾರ್ಮ್‌ನಲ್ಲಿ ಟೈಪ್ ಮಾಡಿದ್ದನ್ನು ನೇರ ಕ್ವೆರಿಗೆ (ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೊಡುವ ಆದೇಶಕ್ಕೆ) ಅಂಟಿಸಿಬಿಡುತ್ತಿದ್ದರು. ಹಾಗೆ ಮಾಡಿದರೆ ಹೆಸರಿನ ಜಾಗದಲ್ಲಿ ಯಾರಾದರೂ ಕಿಡಿಗೇಡಿ ಎಸ್‌ಕ್ಯೂಎಲ್ ಆದೇಶ ತುಂಬಿ, ನಿಮ್ಮ ಅತಿಥಿಗಳ ಫೋನ್ ನಂಬರನ್ನೆಲ್ಲ ಎತ್ತಿಕೊಂಡು ಹೋಗಬಹುದು. ಡೇಟಾಬೇಸ್ ಸಂಪರ್ಕಕ್ಕೆ ಈಗಿನ ದಾರಿಗಳಾದ ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐ ಬಳಸಲು ಹೇಳಿ, ಅದರಲ್ಲೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಅತಿಥಿ ಬರೆದದ್ದನ್ನು ಕ್ವೆರಿಯೊಳಗೆ ಬೆರೆಸದೆ ಬೇರೆಯಾಗಿ ಕೊಡುವ ವಿಧಾನ) ಕಲಿತ ಮೇಲೇ ಪುಟವನ್ನು ನೆಟ್‌ಗೆ ಬಿಡಲಿ. ಅಲ್ಲಿಯವರೆಗೆ ಬುಕಿಂಗ್ ಫೋನ್‌ನಲ್ಲೇ ನಡೆಯಲಿ ಬಿಡಿ.