ಶಾಸಕರ ಐಟಿ ರಿಟರ್ನ್ ಆರ್‌ಟಿಐನಲ್ಲಿ ಸಿಗುತ್ತದೆಯೇ? ಸಿಗದಿದ್ದರೆ ಲೆಕ್ಕ ಕೇಳುವುದು ಹೇಗೆ?

ಜಮಖಂಡಿಯಿಂದ ನೀವು ಕೇಳಿರುವುದು ಇದು: ನಿಮ್ಮ ಭಾಗದ ಸಾಹುಕಾರ ಶಾಸಕರೊಬ್ಬರ ಐಟಿ ರಿಟರ್ನ್ ತೆಗೆಸಲು ಆಗುತ್ತದೆಯೇ, ಒಂದು ಪಕ್ಷ ‘ತನಿಖೆ’ ಅನ್ನುತ್ತದೆ, ಇನ್ನೊಂದು ‘ಸೇಡು’ ಅನ್ನುತ್ತದೆ, ಟ್ರಂಪ್ ರಿಟರ್ನ್ ಹೊರಗೆ ಬಂತಲ್ಲ, ನಮ್ಮಲ್ಲಿ ಯಾಕಿಲ್ಲ?

ಆರ್‌ಟಿಐನಲ್ಲಿ ಸಿಗುವುದಿಲ್ಲ. 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಿಟರ್ನ್ ವೈಯಕ್ತಿಕ ಮಾಹಿತಿ ಎಂದಿತು. ಸಾರ್ವಜನಿಕ ಹಿತ ದೊಡ್ಡದು ಎಂದು ತೋರಿಸಿದರೆ ಮಾತ್ರ ವಿನಾಯಿತಿ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ವೈಯಕ್ತಿಕ ಮಾಹಿತಿಗೆ ತಡೆ ಒಡ್ಡುವ ಆರ್‌ಟಿಐನ 8(1)(ಜೆ) ಕಲಂ ಅನ್ನು ಇನ್ನಷ್ಟು ಬಿಗಿ ಮಾಡಿತು. ಉಳಿದಿರುವುದು, ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2)ರ ಕಿಂಡಿಯೊಂದೇ. 1961ರ ಆದಾಯ ತೆರಿಗೆ ಕಾಯಿದೆಯ 138ನೇ ಕಲಂ ಪ್ರಕಾರ ಹಿರಿಯ ಆಯುಕ್ತರು ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದು, ಆದರೆ ಅವರು ‘ಇಲ್ಲ’ ಎಂದರೆ ಅದೇ ಅಂತಿಮ. (2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆ ಬಂದು ಕಲಂ ಸಂಖ್ಯೆಗಳು ಬದಲಾಗಿವೆ. ಅರ್ಜಿ ಬರೆಯುವಾಗ ಹಳೇ ನಂಬರ್ ಹಾಕಬೇಡಿ.)

ಅಮೆರಿಕದ ಮಾತು. ಅಲ್ಲಿ ಸಂಸತ್ತಿನ ತೆರಿಗೆ ಸಮಿತಿಯ ಅಧ್ಯಕ್ಷರು ಬರೆದು ಕೇಳಿದರೆ ಖಜಾನೆ ಇಲಾಖೆ ರಿಟರ್ನ್ ಕೊಡಬೇಕು ಎಂಬ ಕಲಂ ಇದೆ. ಹಾಗಿದ್ದೂ 2019ರ ಏಪ್ರಿಲ್‌ನಲ್ಲಿ ಕೇಳಿದ ಟ್ರಂಪ್ ರಿಟರ್ನ್ ಕೋರ್ಟು ಕಚೇರಿ ಸುತ್ತಿ, 2022ರ ನವೆಂಬರ್ 22ರಂದು ಅಲ್ಲಿನ ಸುಪ್ರೀಂ ಕೋರ್ಟ್ ತಡೆ ನಿರಾಕರಿಸಿದ ಮೇಲೆ, ಡಿಸೆಂಬರ್ 30ಕ್ಕೆ ಪ್ರಕಟವಾಯಿತು. ಅದೂ ಸದನದ ಬಹುಮತ ಟ್ರಂಪ್ ಪಕ್ಷಕ್ಕೆ ಹೋಗಲು ನಾಲ್ಕೇ ದಿನ ಉಳಿದಿದ್ದಾಗ. ನಮ್ಮಲ್ಲಿ ಯಾವ ಸದನ ಸಮಿತಿಗೂ ಅಂಥ ಅಧಿಕಾರವಿಲ್ಲ.

ಆದರೆ ಜಗಳವೇ ತಪ್ಪು ಕಾಗದದ ಮೇಲೆ ನಡೆಯುತ್ತಿದೆ ಎನ್ನುವುದು ನನ್ನ ಅಭಿಪ್ರಾಯ. ರಿಟರ್ನ್ ಎಂದರೆ ಆ ವ್ಯಕ್ತಿಯೇ ತನ್ನ ಬಗ್ಗೆ ಬರೆದುಕೊಟ್ಟಿದ್ದು. ಅದಕ್ಕಿಂತ ಉಪಯೋಗಕ್ಕೆ ಬರುವ ಕಾಗದ ಈಗಾಗಲೇ ಸಾರ್ವಜನಿಕವಾಗಿದೆ: ನಾಮಪತ್ರದ ಜತೆ ಕೊಡುವ ನಮೂನೆ 26ರ ಅಫಿಡವಿಟ್. 2019ರ ಫೆಬ್ರವರಿಯ ತಿದ್ದುಪಡಿಯಿಂದ ಅದರಲ್ಲಿ ಅಭ್ಯರ್ಥಿ, ಪತ್ನಿ ಅಥವಾ ಪತಿ, ಅವಿಭಕ್ತ ಕುಟುಂಬ, ಅವಲಂಬಿತರು, ಎಲ್ಲರ 5 ವರ್ಷದ ರಿಟರ್ನ್ ಆದಾಯ ಬರೆಯಬೇಕು. ಅದಕ್ಕೂ ಮೊದಲು ಕೊನೆಯ ಒಂದೇ ವರ್ಷದ್ದು ಸಾಕಿತ್ತು. ಹಾಗಾಗಿ 2018ರ ಅಫಿಡವಿಟ್‌ನಲ್ಲಿ ಆಸ್ತಿ ನೋಡಿ, 2023ರದ್ದರಲ್ಲಿ ಆಸ್ತಿ ಮತ್ತು ಆದಾಯ ಎರಡನ್ನೂ ನೋಡಿ. ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಿಂದ ಮೂಲ ಸ್ಕ್ಯಾನ್ ಇಳಿಸಿಕೊಳ್ಳಿ. ಮೈನೇತಾ ಜಾಲತಾಣದ ಸಾರಾಂಶ ಓದಿ ನಿಲ್ಲಿಸಬೇಡಿ, ಕೊಂಡ ದಿನಾಂಕ ಮತ್ತು ಕೊಂಡ ಬೆಲೆಯ ಕಾಲಂಗಳೇ ನಿಮಗೆ ಬೇಕಾದದ್ದು.

ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲೇ. ‘2018ರಲ್ಲಿ 40 ಕೋಟಿ, 2023ರಲ್ಲಿ 90 ಕೋಟಿ, 50 ಕೋಟಿ ಎಲ್ಲಿಂದ ಬಂತು?’ ಎಂದು ಕೂಗುತ್ತಾರೆ. ಒಟ್ಟು ಮೊತ್ತದಲ್ಲಿರುವುದು ಈಗಿನ ಮಾರುಕಟ್ಟೆ ಬೆಲೆ. ಬೈಪಾಸ್ ಬಂದು ಜಾಗದ ಬೆಲೆ ಏರಿದರೆ ಒಂದು ರೂಪಾಯಿ ಆದಾಯವಿಲ್ಲದೆಯೂ ಆಸ್ತಿ ದುಪ್ಪಟ್ಟಾಗುತ್ತದೆ. ಹಳೆಯ ಆಸ್ತಿಯನ್ನು ಪೂರ್ತಿ ಬಿಟ್ಟು, ಎರಡು ಚುನಾವಣೆಗಳ ನಡುವೆ ಕೊಂಡಿದ್ದನ್ನು ಮಾತ್ರ ಕೊಂಡ ಬೆಲೆಯಲ್ಲಿ ಕೂಡಿಸಿ. ಕಟ್ಟಡಕ್ಕೆ ಹಾಕಿದ ಖರ್ಚು, ಠೇವಣಿ, ಚಿನ್ನ, ಬೇರೆಯವರಿಗೆ ಕೊಟ್ಟ ಕೈಸಾಲ ಇವುಗಳಲ್ಲಿ ಆದ ಹೆಚ್ಚಳ ಸೇರಿಸಿ. ಅದರಿಂದ ಹೊಸ ಸಾಲವನ್ನೂ ಮಾರಿದ ಆಸ್ತಿಯ ಹಣವನ್ನೂ ಕಳೆಯಿರಿ. ಉಳಿದದ್ದು 5 ವರ್ಷದ ಆದಾಯಕ್ಕಿಂತ ಬಹಳ ಮೇಲಿದ್ದರೆ ಪ್ರಶ್ನೆ ಇದೆ.

ಪ್ರಶ್ನೆ ಇದೆ ಎಂದೆ, ಕಳ್ಳತನ ಇದೆ ಎನ್ನಲಿಲ್ಲ. ಅಫಿಡವಿಟ್‌ನಲ್ಲಿ ಬರುವುದು ರಿಟರ್ನ್‌ನ ಒಟ್ಟು ಆದಾಯ. ತೆರಿಗೆ ಇಲ್ಲದ ಹಣ ಅದರಲ್ಲಿ ಕಾಣುವುದಿಲ್ಲ. ಪಾಲುದಾರಿಕೆ ಫರ್ಮಿನ ಲಾಭದ ಪಾಲಿಗೆ ಫರ್ಮೇ ತೆರಿಗೆ ಕಟ್ಟಿರುತ್ತದೆ, ಪಾಲುದಾರನ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಬಾಗಲಕೋಟೆ ಜಿಲ್ಲೆಯಲ್ಲಂತೂ ಆಲಮಟ್ಟಿ ಹಿನ್ನೀರಿನ ಪರಿಹಾರ ಮರೆಯಬಾರದು: 2013ರ ಭೂಸ್ವಾಧೀನ ಕಾಯಿದೆಯ 96ನೇ ಕಲಂ ಪ್ರಕಾರ ಆ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಒಂದೇ ವರ್ಷ ಕೋಟಿಗಟ್ಟಲೆ ಬಂದು ರಿಟರ್ನ್‌ನಲ್ಲಿ ಐದು ಲಕ್ಷವೇ ಕಂಡರೂ ಅದು ಸಾಚಾ ಇರಬಹುದು.

ಇನ್ನು ಕೃಷಿ ಆದಾಯ. ನಮ್ಮ ಭಾಗದ ಜಿಲ್ಲೆಗಳಲ್ಲಿ ಹಣ ಎಲ್ಲಿಂದ ಎಂದರೆ ಕಬ್ಬು, ದ್ರಾಕ್ಷಿ, ದಾಳಿಂಬೆ ಎಂಬ ಉತ್ತರ ಸಿದ್ಧ ಇರುತ್ತದೆ. ಇದನ್ನು ಅಳೆಯಬಹುದು. ಹತ್ತು ಎಕರೆ ಕಬ್ಬು, ಎಕರೆಗೆ 40 ಟನ್, ಟನ್ನಿಗೆ 2025ರಲ್ಲಿ ಕಬ್ಬು ಬೆಳೆಗಾರರ ಗುರ್ಲಾಪುರ ಕ್ರಾಸ್ ಹೋರಾಟದ ನಂತರ ಸರ್ಕಾರ ಹೇಳಿದ ₹3,300 ಹಿಡಿದರೂ ಬಿಲ್ ಆಗುವುದು ₹13.2 ಲಕ್ಷ. ಗೊಬ್ಬರ, ಬೀಜ, ಆಳಿನ ಖರ್ಚು ಅದರಲ್ಲೇ ಹೋಗಬೇಕು. ಅಷ್ಟೇ ಹೊಲಕ್ಕೆ 60 ಲಕ್ಷ ತೋರಿಸಿದ್ದರೆ ಉತ್ತರ ಕೊಡುವುದು ಕಷ್ಟ. ಅಫಿಡವಿಟ್‌ನಲ್ಲಿರುವ ಸರ್ವೆ ನಂಬರ್ ಹಿಡಿದು ಭೂಮಿ ಪೋರ್ಟಲ್‌ನಲ್ಲಿ ಉತಾರ (ಪಹಣಿ) ತೆಗೆಯಿರಿ. 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಬೋಜಾ (ಜಮೀನಿನ ಮೇಲಿನ ಸಾಲ), 12ರಲ್ಲಿ ಬೆಳೆ. ಖುಷ್ಕಿ ಜೋಳದ ಹೊಲದಲ್ಲಿ ದ್ರಾಕ್ಷಿ ಆದಾಯ ಬೆಳೆದಿದ್ದರೆ ಕಾಣುತ್ತದೆ. ಬೆಳೆ ಕಾಲಂ ಎಷ್ಟೋ ಕಡೆ ಹಿಂದಿನ ವರ್ಷದ್ದೇ ನಕಲಾಗಿರುತ್ತದೆ ಅನ್ನುವುದು ನಿಮಗೂ ಗೊತ್ತು, ಅದೊಂದನ್ನೇ ನಂಬಬೇಡಿ. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ರಿಟರ್ನ್‌ನಲ್ಲಿ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತವೋ ಲಾವಣಿಯೋ (ಗುತ್ತಿಗೆ), ನೀರಾವರಿಯೋ ಖುಷ್ಕಿಯೋ ಎಲ್ಲ ಬರೆಯಬೇಕು. ನಿಮ್ಮ ದೂರಿನಲ್ಲಿ ಉತಾರ ಇದ್ದರೆ ಅಧಿಕಾರಿ ಆ ಪಟ್ಟಿಗೆ ಹೋಲಿಸಬಹುದು.

ಅಫಿಡವಿಟ್‌ನ ದೊಡ್ಡ ತೂತುಗಳು ಎರಡು. ಸ್ವಂತ ಆದಾಯವಿರುವ ವಯಸ್ಕ ಮಗ, ಸೊಸೆ ಅವಲಂಬಿತರಲ್ಲ, ಅವರ ಆಸ್ತಿ ಬರುವುದೇ ಇಲ್ಲ. ಶೇರು ಪೇಟೆಯಲ್ಲಿಲ್ಲದ ಸಕ್ಕರೆ ಕಾರ್ಖಾನೆಯ ಶೇರು ಪುಸ್ತಕದ ಬೆಲೆಯಲ್ಲಿ ಬರುತ್ತದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಒಂದು ಕಂಪನಿಗೆ ₹100 ಕಟ್ಟಿದರೆ ಅದರ ಲೆಕ್ಕಪತ್ರ, ನಿರ್ದೇಶಕರು, ಶೇರುದಾರರ ಪಟ್ಟಿ ನೋಡಬಹುದು.

ದೂರು ಎಲ್ಲಿಗೆ? ತೆರಿಗೆ ವಂಚನೆಯ ಅನುಮಾನವಿದ್ದರೆ ಆದಾಯ ತೆರಿಗೆ ಇ-ಫೈಲಿಂಗ್ ಪೋರ್ಟಲ್‌ನಲ್ಲೇ ತೆರಿಗೆ ವಂಚನೆ ಅರ್ಜಿ ಹಾಕಬಹುದು, ಒಂದು ನಂಬರ್ ಕೊಡುತ್ತಾರೆ. ತನಿಖೆಯ ವಿವರ ನಿಮಗೆ ಹೇಳುವುದಿಲ್ಲ. ಹಳೇ ವರ್ಷ ಕೆದಕಲು ಮಿತಿಯೂ ಇದೆ: 2024ರ ಸೆಪ್ಟೆಂಬರ್‌ನಿಂದ, ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಮೇಲಿದ್ದರೆ ತೆರಿಗೆ ನಿರ್ಧರಣಾ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದು 5 ವರ್ಷ 3 ತಿಂಗಳು, ಕಡಿಮೆಯಿದ್ದರೆ 3 ವರ್ಷ 3 ತಿಂಗಳು. ಅಕ್ರಮ ಆಸ್ತಿಯ ಮಾತಾದರೆ ಲೋಕಾಯುಕ್ತ. ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು.

ಸೇಡೋ ತನಿಖೆಯೋ ಎಂಬ ಜಗಳ ಮಾತ್ರ ಬಗೆಹರಿಯುವುದಲ್ಲ, ಏಕೆಂದರೆ ಅದು ಬಹುಪಾಲು ಯಾರ ಕೈಯಲ್ಲಿ ತನಿಖೆ ಎಂಬುದರ ಮೇಲೆ. ಡಿ.ಕೆ. ಶಿವಕುಮಾರ್ ಪ್ರಕರಣ ನೋಡಿ. 2017ರ ಆಗಸ್ಟ್‌ನಲ್ಲಿ ಐಟಿ ಶೋಧ; 2019ರಲ್ಲಿ ಬಿಜೆಪಿ ಸರ್ಕಾರ ಸಿಬಿಐಗೆ ಒಪ್ಪಿಗೆ ಕೊಟ್ಟಿತು; 2020ರ ಅಕ್ಟೋಬರ್‌ನಲ್ಲಿ ಎಫ್‌ಐಆರ್; 2023ರ ನವೆಂಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಆ ಒಪ್ಪಿಗೆ ಹಿಂಪಡೆದು, ಆಮೇಲೆ ಲೋಕಾಯುಕ್ತಕ್ಕೆ ವಹಿಸಿತು. ಅದನ್ನು ಪ್ರಶ್ನಿಸಿದವರಲ್ಲಿ ವಿಜಯಪುರ ನಗರ ಶಾಸಕ ಬಸನಗೌಡ ಪಾಟೀಲ ಯತ್ನಾಳರೂ ಇದ್ದರು. 2024ರ ಆಗಸ್ಟ್ 29ರಂದು ಹೈಕೋರ್ಟ್ ಅರ್ಜಿಗಳು ಇಲ್ಲಿ ನಿಲ್ಲುವುದಿಲ್ಲ, ಇದು ಕೇಂದ್ರ–ರಾಜ್ಯದ ವ್ಯಾಜ್ಯ, ಸುಪ್ರೀಂ ಕೋರ್ಟಿಗೆ ಹೋಗಿ ಎಂದಿತು. ಇಷ್ಟೆಲ್ಲದರಲ್ಲಿ ಆಸ್ತಿಯ ಲೆಕ್ಕ ಸರಿಯೋ ತಪ್ಪೋ ಎಂದು ಯಾರೂ ತೀರ್ಮಾನಿಸಲಿಲ್ಲ. ಇದೇ ಕಾರಣಕ್ಕೆ ನಿಮ್ಮ ದೂರಿನಲ್ಲಿ ಪಕ್ಷದ ಹೆಸರು ಬೇಡ, ಉತಾರದ ನಂಬರ್ ಇರಲಿ.

ಅಫಿಡವಿಟ್‌ನಲ್ಲೇ ಸುಳ್ಳು ಅಥವಾ ಮುಚ್ಚಿಟ್ಟದ್ದು ಸಿಕ್ಕರೆ ಜನಪ್ರತಿನಿಧಿ ಕಾಯಿದೆಯ 125ಎ ಕಲಂ: 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಣ್ಣಪುಟ್ಟದಕ್ಕೆ ಹೋಗಬೇಡಿ, 2024ರ ಏಪ್ರಿಲ್‌ನ ಕಾರಿಖೋ ಕ್ರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರತಿಯೊಂದು ಚರಾಸ್ತಿಯನ್ನೂ ಹೇಳಬೇಕಿಲ್ಲ, ಗಣನೀಯ ಮೌಲ್ಯದ್ದಾಗಿದ್ದರೆ ಮಾತ್ರ ಎಂದಿದೆ. ಚುನಾವಣಾ ತಕರಾರು ಅರ್ಜಿಗೆ ಫಲಿತಾಂಶದಿಂದ 45 ದಿನ. 125ಎ ಖಾಸಗಿ ದೂರಿಗೆ ಸಾಮಾನ್ಯವಾಗಿ 1 ವರ್ಷದ ಕಾಲಮಿತಿ, ಆದ್ದರಿಂದ 2023ರ ಅಫಿಡವಿಟ್ ಹಿಡಿದು ಈಗ ಹೋದರೆ ‘ತಡವಾಯಿತು’ ಎಂಬ ಮೊದಲ ಆಕ್ಷೇಪಕ್ಕೆ ವಕೀಲರ ಹತ್ತಿರ ಉತ್ತರ ಇರಬೇಕು. 2028ಕ್ಕಾದರೆ ನಾಮಪತ್ರ ಪರಿಶೀಲನೆಯ ದಿನವೇ ಹೊಸ ಪ್ರತಿ ಇಳಿಸಿಟ್ಟುಕೊಳ್ಳಿ.